ಬೋರ್ಡಣ್ಣನ ಎರಡು ಅಂಕ

ಊರೆಲ್ಲ ಅವನನ್ನು ಬೋರ್ಡಣ್ಣ ಎಂದೇ ಕರೆಯುತ್ತಿತ್ತು. ಮೆಡಿಕಲ್ ಶಾಪಿನವನು, ಸೈಕಲ್ ರಿಪೇರಿಯವನು, ಕೊನೆಗೆ ವಯಸ್ಸಿನಲ್ಲಿ ಅವನಿಗಿಂತ ದೊಡ್ಡವರಾದ ಪೋಸ್ಟ್‌ಮಾಸ್ಟರು ಕೂಡ "ಏನ್ ಬೋರ್ಡಣ್ಣ, ಕಾಣೋದೇ ಇಲ್ಲ" ಎನ್ನುತ್ತಿದ್ದರು. ಅವನನ್ನು ಅಣ್ಣ ಎನ್ನಲು ನಿಜವಾಗಿ ಹಕ್ಕಿದ್ದವನು ಈ ಭೂಮಿಯ ಮೇಲೆ ಒಬ್ಬನೇ ಒಬ್ಬ. ಅವನೊಬ್ಬ ಮಾತ್ರ ಅನ್ನುತ್ತಿರಲಿಲ್ಲ. ಹತ್ತು ಹನ್ನೆರಡು ವರ್ಷಗಳಿಂದ ಆ ಬಾಯಿಂದ ಆ ಮಾತು ಬಂದಿರಲಿಲ್ಲ. ಹಾಗಂತ ತಮ್ಮ ದೂರದಲ್ಲೇನೂ ಇರಲಿಲ್ಲ. ಒಂದೇ ಮನೆ, ಒಂದೇ ಬೀದಿಬಾಗಿಲು, ಹಿತ್ತಲಲ್ಲಿ ಒಂದೇ ನಲ್ಲಿ. ತಮ್ಮ ಮತ್ತು ಅವನ ಹೆಂಡತಿ ಕೆಳಗೆ, ಇವನೊಬ್ಬ ಮೇಲಿನ ಕೋಣೆಯಲ್ಲಿ.

ಕೋಣೆ ಎಂದರೆ ಒಂದು ಮಂಚ, ಒಂದು ಕಿಟಕಿ, ಉಳಿದದ್ದೆಲ್ಲ ಬಣ್ಣದ ಡಬ್ಬಿ. ಬೋರ್ಡ್ ಬರೆಯುವುದು ಅವನ ಕಸುಬು. ಅಂಗಡಿ ಹೆಸರು, ಮನೆ ನಂಬರು, 'ಇಲ್ಲಿ ವಾಹನ ನಿಲ್ಲಿಸಬೇಡಿ', 'ನಾಯಿ ಇದೆ ಎಚ್ಚರಿಕೆ'. ಟರ್ಪೆಂಟೈನಿನ ವಾಸನೆ ಅವನ ಬಟ್ಟೆಗೆ, ಹೊದಿಕೆಗೆ, ಉಗುರಿನ ಸಂದಿಗೆ ಅಂಟಿಕೊಂಡುಬಿಟ್ಟಿತ್ತು. ಸುಣ್ಣದ ಪುಡಿ ಸವರಿದ ದಾರವನ್ನು ತಗಡಿನ ಮೇಲೆ ಎಳೆದು ಹಿಡಿದು, ಟಪ್ಪೆಂದು ಮೀಟಿ ಗೆರೆ ಮೂಡಿಸುವುದಕ್ಕೆ ಎರಡು ಜೊತೆ ಕೈ ಬೇಕು. ಅವನು ದಾರದ ಒಂದು ತುದಿಯನ್ನು ಮೊಳೆಗೆ ಕಟ್ಟಿ ಒಬ್ಬನೇ ಮಾಡುತ್ತಿದ್ದ. ಚಿಕ್ಕಂದಿನಲ್ಲಿ ಆ ತುದಿ ಹಿಡಿಯುತ್ತಿದ್ದವನು ತಮ್ಮ.

ಮದುವೆ ಯಾಕಾಗಲಿಲ್ಲ ಎಂದು ಕೇಳುವವರು ಈಗ ಕೇಳುವುದನ್ನೂ ಬಿಟ್ಟಿದ್ದಾರೆ. ಅಪ್ಪ ಅಮ್ಮ ಬೇಗ ಹೋದರು. ತಮ್ಮನನ್ನು ಸಾಕಿ, ಓದಿಸಿ, ಅವನಿಗೊಂದು ಮದುವೆ ಮಾಡಿ ತಿರುಗಿ ನೋಡುವ ಹೊತ್ತಿಗೆ ಇವನ ತಲೆಯಲ್ಲಿ ಕೂದಲೇ ಉಳಿದಿರಲಿಲ್ಲ. ಅದಕ್ಕೆ ಅವನೇನೂ ಕೊರಗಿದವನಲ್ಲ. ತಮ್ಮನ ಸಂಸಾರವೇ ತನ್ನದು ಎಂದುಕೊಂಡಿದ್ದ, ಪಾಪ.

ಈಗ ತಮ್ಮ ಇವನ ವಿಷಯ ಎತ್ತಬೇಕಾದರೆ 'ಮೇಲಿನವರು' ಎನ್ನುತ್ತಿದ್ದ. ಬಾಡಿಗೆಗೆ ಇದ್ದವರನ್ನು ಅನ್ನುವ ಹಾಗೆ. ಹಿತ್ತಲಲ್ಲಿ ಇಬ್ಬರೂ ಮಾರುದೂರದಲ್ಲಿ ನಿಂತಿದ್ದರೂ ಹೆಂಡತಿಗೆ ಹೇಳುತ್ತಿದ್ದ:

"ಮೇಲಿನವರಿಗೆ ಹೇಳು, ನಲ್ಲಿ ಸರಿಯಾಗಿ ತಿರುಗಿಸೋಕೆ. ಸೋರ್ತಾ ಇದೆ."

ಇವನೂ ಅವಳಿಗೇ ಹೇಳಬೇಕು. "ವಾಷರ್ ಹೋಗಿದೆ ಅಂತ ಹೇಳಮ್ಮ. ನಾಳೆ ಹಾಕಿಸ್ತೀನಿ."

"ಅಯ್ಯೋ, ನಾನೇನು ಟೆಲಿಫೋನ್ ತಂತಿನಾ ಭಾವ?" ಎಂದು ಅವಳು ಸಿಡುಕುತ್ತಿದ್ದಳು. "ಒಬ್ಬರ ಮುಖ ಒಬ್ಬರಿಗೆ ಕಾಣುತ್ತೆ, ಒಬ್ಬರ ಮಾತು ಒಬ್ಬರಿಗೆ ಕೇಳ್ಸುತ್ತೆ. ನಡುವೆ ನನ್ನ ಗಂಟಲು ಯಾಕೆ ಒಣಗಿಸ್ತೀರಿ!"

ಸಿಡುಕಿದರೂ ಒಳ್ಳೆಯವಳು. ಏನಾದರೂ ವಿಶೇಷ ಮಾಡಿದ ದಿನ ತಟ್ಟೆಗೆ ಮುಚ್ಚಳ ಮುಚ್ಚಿ ಮೆಟ್ಟಿಲ ಮೇಲೆ ಇಟ್ಟು, "ಭಾವ, ಇಟ್ಟಿದ್ದೀನಿ" ಎಂದು ಕೂಗಿ ಹೋಗುತ್ತಿದ್ದಳು. ಅವನು ಮೆಟ್ಟಿಲ ಮೇಲೇ ಕೂತು ತಿನ್ನುತ್ತಿದ್ದ. ಅಲ್ಲಿ ಕೂತರೆ ಕೆಳಗೆ ತಮ್ಮ ಮಾತಾಡುವುದು ಕೇಳಿಸುತ್ತಿತ್ತು. ಬೇಕಾದ್ದು ಅಷ್ಟೇ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಸುಳ್ಳು. ಅವನಿಗೆ ಬೇಕಿದ್ದದ್ದು ಒಂದೇ: ಆ ಧ್ವನಿ ಒಂದು ಸಲ ತನ್ನ ಕಡೆ ತಿರುಗಿ ಅಣ್ಣ ಅನ್ನಬೇಕು. ಸಾಯುವುದರೊಳಗೆ ಒಂದೇ ಒಂದು ಸಲ. ಅದಿಲ್ಲದೆ ಅವನಿಗೆ ಆ ಕೋಣೆ, ಆ ಮನೆ, ಊರಿನ ಗೋಡೆಗೋಡೆಯ ಮೇಲೂ ಇದ್ದ ತನ್ನದೇ ಅಕ್ಷರ, ಯಾವುದೂ ತನ್ನದು ಅನಿಸುತ್ತಿರಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಆಸ್ತಿಯೂ ಅಲ್ಲ, ಹೆಣ್ಣೂ ಅಲ್ಲ. ರಗ್ಬಿ. ನಗಬೇಡಿ. ನಗುವ ಹಾಗಿದ್ದರೆ ಅವರಿಬ್ಬರೂ ಎಂದೋ ನಕ್ಕು ಮುಗಿಸಿರುತ್ತಿದ್ದರು.

ಆ ಆಟದ ನಾಲ್ಕು ಮಾತು ಹೇಳಿಬಿಡೋಣ, ಇಲ್ಲದಿದ್ದರೆ ಜಗಳ ಅರ್ಥವಾಗುವುದಿಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹೊತ್ತು ಓಡಿ ಎದುರಾಳಿಯ ಗೆರೆಯಾಚೆ ನೆಲಕ್ಕೆ ಒತ್ತಿದರೆ ಅದು ಟ್ರೈ, ಐದು ಅಂಕ. ಆಮೇಲೆ ಅದೇ ಚೆಂಡನ್ನು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಹಾಯುವ ಹಾಗೆ ಒದ್ದರೆ ಇನ್ನೆರಡು. ಆಟದ ನಡುವೆ ಹಾಗೆ ಒದ್ದರೆ ಮೂರು. ಇದು ಪಂದ್ಯದ ಲೆಕ್ಕ. ಲೀಗಿನ ಪಟ್ಟಿಗೆ ಬೇರೆ ಲೆಕ್ಕ: ಗೆದ್ದವರಿಗೆ ನಾಲ್ಕು, ಸಮವಾದರೆ ಎರಡೆರಡು, ಸೋತವರಿಗೆ ಸೊನ್ನೆ. ಇಷ್ಟಕ್ಕೇ ಬಿಟ್ಟಿದ್ದರೆ ಅಣ್ಣತಮ್ಮ ಇವತ್ತಿಗೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಆದರೆ ಯಾವನೋ ಪುಣ್ಯಾತ್ಮ ಬೋನಸ್ ಎಂಬುದೊಂದನ್ನು ಹುಡುಕಿದ. ನಾಲ್ಕು ಟ್ರೈ ಹೊಡೆದವರಿಗೆ, ಗೆಲ್ಲಲಿ ಸೋಲಲಿ, ಒಂದು ಹೆಚ್ಚಿನ ಅಂಕ. ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೂ ಒಂದು ಅಂಕ. ಫೇಲಾದ ಹುಡುಗನಿಗೆ ಮೇಷ್ಟ್ರು, ಪರವಾಗಿಲ್ಲ ಹತ್ತಿರ ಬಂದಿದ್ದೀಯ ಎಂದು ಬೆನ್ನು ತಟ್ಟಿದ ಹಾಗೆ. ಕೇಳಲು ಎಷ್ಟು ಚೆಂದ! ಆದರೆ ಏಳರಲ್ಲಿ ಸೋತರೆ ಒಂದು ಅಂಕ, ಎಂಟರಲ್ಲಿ ಸೋತರೆ ಏನೂ ಇಲ್ಲ. ಆ ಒಂದು ಅಂಕದಿಂದ ತಂಡಗಳು ಮೇಲಿನ ದರ್ಜೆಯಲ್ಲಿ ಉಳಿದಿವೆ, ಕೆಳಗಿನ ದರ್ಜೆಗೆ ಬಿದ್ದಿವೆ.

ತಮ್ಮ ಒದೆಯುವುದರಲ್ಲಿ ಎತ್ತಿದ ಕೈ. ಕೈಯಲ್ಲ, ಕಾಲು ಅನ್ನಬೇಕೇನೋ. ಆದರೆ ಲೆಕ್ಕ ಎಂದರೆ ಅವನಿಗೆ ಆಗದು. ಹಾಗಾಗಿ ಖಾಲಿ ಸೈಟಿನಲ್ಲಿ ಆಡುತ್ತಿದ್ದ ಕಾಲದಿಂದಲೂ ಇಬ್ಬರ ನಡುವೆ ಒಂದು ಏರ್ಪಾಡಿತ್ತು. ಅಣ್ಣ ಕಂಬಗಳ ಹಿಂದೆ ನಿಲ್ಲುತ್ತಿದ್ದ. ತಮ್ಮ ಆಟದ ನಡುವೆ ತಲೆಯೆತ್ತಿ ನೋಡಿದರೆ, ಎಷ್ಟು ಹಿಂದಿದ್ದಾರೋ ಅಷ್ಟು ಬೆರಳು ಎತ್ತಿ ತೋರಿಸುತ್ತಿದ್ದ. ಸಮ ಇದ್ದರೆ ಮುಷ್ಟಿ. ತಮ್ಮನ ಒದೆತ ಅಪರೂಪಕ್ಕೆ ತಪ್ಪಿದರೆ, ಮನೆಗೆ ಹೋಗುವ ದಾರಿಯುದ್ದಕ್ಕೂ ಅವನ ಮುಖ ಊದಿಕೊಂಡಿರುತ್ತಿತ್ತು. ಆಗ ಅಣ್ಣ, "ಗಾಳಿ ಇತ್ತು ಕಣೋ" ಎನ್ನುತ್ತಿದ್ದ. ಒಂದೆಲೆಯೂ ಅಲ್ಲಾಡದ ದಿನ ಕೂಡ ಹಾಗೇ ಅನ್ನುತ್ತಿದ್ದ. "ಹೂಂ, ಗಾಳಿ ಇತ್ತು" ಎಂದು ತಮ್ಮ ಒಪ್ಪಿಕೊಂಡ ಮೇಲೆ ಇಬ್ಬರೂ ಬೇರೆ ಮಾತಾಡುತ್ತಿದ್ದರು.

ತಮ್ಮ ಬೆಳೆದು ಊರಿನ ಕ್ಲಬ್ಬಿನ ನಾಯಕನಾದ. ಅಣ್ಣನಿಗೆ ಸ್ಕೋರ್ ಬೋರ್ಡಿನ ಕೆಲಸ ತಾನಾಗಿ ಬಂತು. ಎತ್ತರದ ಮರದ ಬೋರ್ಡು, ಅದಕ್ಕೊಂದು ಏಣಿ, ತೂಗುಹಾಕಲು ತಗಡಿನ ಅಂಕಿಗಳು. ಅಂಕಿಗಳನ್ನೆಲ್ಲ ಅವನೇ ಕಪ್ಪು ನೆಲಕ್ಕೆ ಬಿಳಿ ಎನಾಮೆಲಿನಲ್ಲಿ ಬರೆದಿದ್ದ. ಟ್ರೈ ಆದಾಗ ಐದು ಸೇರಿಸಲು ಒಮ್ಮೆ ಏಣಿ ಹತ್ತಬೇಕು, ಒದೆತ ಸರಿಯಾದರೆ ಎರಡು ಸೇರಿಸಲು ಮತ್ತೊಮ್ಮೆ ಹತ್ತಬೇಕು. ಎದುರು ತಂಡಕ್ಕೆ ಅವನು ಹಾಗೇ ಎರಡೆರಡು ಸಲ ಹತ್ತುತ್ತಿದ್ದ. ಒದೆಯುವವನು ತಮ್ಮನಾದರೆ ಮಾತ್ರ ಒಂದೇ ಸಲ ಹತ್ತಿ, ಏಳಕ್ಕೆ ಏಳೂ ಸೇರಿಸಿ ಇಳಿದುಬಿಡುತ್ತಿದ್ದ. "ಅದು ಹೋಗೇ ಹೋಗುತ್ತೆ, ಕಾಯೋದೇನು ಬಂತು" ಎನ್ನುತ್ತಿದ್ದ. ತಮ್ಮನಿಗೂ ಅಷ್ಟೇ ಜಂಬ. ಒದ್ದ ಮರುಕ್ಷಣ ಬೆನ್ನು ತಿರುಗಿಸಿ ತನ್ನ ಜಾಗಕ್ಕೆ ಓಡುತ್ತಿದ್ದ. ಚೆಂಡು ಎಲ್ಲಿ ಹೋಯಿತು ಎಂದು ನೋಡುವ ಅಭ್ಯಾಸವೇ ಅವನಿಗಿರಲಿಲ್ಲ. ಜನ ಅದಕ್ಕೂ ಚಪ್ಪಾಳೆ ತಟ್ಟುತ್ತಿದ್ದರು.

ಆ ವರ್ಷದ ಕೊನೆಯ ಪಂದ್ಯ. ಮೇಲಿನ ದರ್ಜೆಯಲ್ಲಿ ಉಳಿಯಲು ಒಂದೇ ಒಂದು ಅಂಕ ಸಾಕು. ದೊಡ್ಡ ತಂಡವೊಂದರ ಇಬ್ಬರು ತಮ್ಮನನ್ನು ನೋಡಲೆಂದೇ ಬಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪಂದ್ಯ ಕೈತಪ್ಪಿತ್ತು, ಆದರೆ ಮುಗಿಯುವ ಸ್ವಲ್ಪ ಮುಂಚೆ ನಮ್ಮವರು ಒಂದು ಟ್ರೈ ಹೊಡೆದರು. ಬೋರ್ಡಣ್ಣ ಕುಣಿಯುತ್ತ ಏಣಿ ಹತ್ತಿದ, ಹದಿಮೂರು ತೆಗೆದು ಇಪ್ಪತ್ತು ಹಾಕಿದ. ಅವನು ಮೈದಾನಕ್ಕೆ ಬೆನ್ನು ಮಾಡಿ ಏಣಿಯ ಮೇಲಿದ್ದಾಗಲೇ ತಮ್ಮ ಒದ್ದ, ಒದ್ದವನು ಬೆನ್ನು ತಿರುಗಿಸಿದ. ಪಕ್ಕದಿಂದ ನೋಡುತ್ತಿದ್ದ ಜನ ಒಳಗೇ ಹೋಯಿತೆಂದು ಚಪ್ಪಾಳೆ ತಟ್ಟಿದರು. ಚೆಂಡು ಕಂಬದ ಹೊರಗಿನಿಂದ ಹೋಗಿತ್ತು.

ಬೋರ್ಡಿನ ಮೇಲೆ ಇಪ್ಪತ್ತೇಳು, ಇಪ್ಪತ್ತು. ಅಂತರ ಏಳು. ಸಮಯ ಮುಗಿದು, ಇನ್ನೊಮ್ಮೆ ಚೆಂಡು ಗೆರೆ ದಾಟಿ ಹೊರಗೆ ಹೋದರೆ ಪಂದ್ಯ ಮುಗಿಯಿತು ಎನ್ನುವಾಗ ಚೆಂಡು ತಮ್ಮನ ಕೈಗೇ ಬಂತು. ಎದುರಿಗೇ ಕಂಬ. ಅಲ್ಲಿಂದ ಅವನು ಕಣ್ಣು ಮುಚ್ಚಿ ಒದ್ದರೂ ಮೂರು ಅಂಕ ಸಿಗುತ್ತಿತ್ತು. ತಲೆಯೆತ್ತಿ ಬೋರ್ಡ್ ನೋಡಿದ. ಏಳಲ್ಲವೇ, ಬೋನಸ್ ಬಂತಲ್ಲ, ರಿಸ್ಕ್ ಯಾಕೆ ಎಂದು ಚೆಂಡನ್ನು ಪಕ್ಕಕ್ಕೆ, ಗೆರೆಯ ಹೊರಕ್ಕೆ ಒದ್ದ. ಸೋತ ತಂಡ ಒಬ್ಬರನ್ನೊಬ್ಬರು ಎತ್ತಿಕೊಂಡು ಕುಣಿಯಿತು. ರೆಫರಿ ಜೇಬಿನಿಂದ ಚೀಟಿ ತೆಗೆದು ಇಪ್ಪತ್ತೇಳು, ಹದಿನೆಂಟು ಎಂದು ಓದುವ ತನಕ ಕುಣಿಯಿತು. ನೋಡಲು ಬಂದ ಆ ಇಬ್ಬರು, ಲೆಕ್ಕ ಬಾರದ ನಾಯಕನನ್ನು ಕಟ್ಟಿಕೊಂಡು ಏನು ಮಾಡೋದು ಎಂದು ನಕ್ಕು ಹೊರಟುಹೋದರು.

ಅವತ್ತು ಸಂಜೆ ಬೋರ್ಡಣ್ಣ ಕೆಳಗಿನ ಕೋಣೆಯ ಬಾಗಿಲಲ್ಲಿ ನಿಂತು, "ತಪ್ಪಾಯ್ತು ಕಣೋ ಪುಟ್ಟಾ" ಎಂದ. ತಮ್ಮ ಅವನ ಪಕ್ಕದಿಂದ ಹಾದು ಹೊರಗೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಕೈಯೆತ್ತಿದ್ದರೂ ಸಹಿಸಿಕೊಳ್ಳುತ್ತಿದ್ದ. ಏನೂ ಅನ್ನಲಿಲ್ಲ, ಆಮೇಲೆ ಎಂದೂ ಅನ್ನಲಿಲ್ಲ.

ಕ್ಲಬ್ಬಿನವರೂ ಒಂದು ಮಾತು ಅನ್ನಲಿಲ್ಲ. ಮುಂದಿನ ವರ್ಷ ಕೆಂಪು ದೀಪದ ಬೋರ್ಡು ಬಂತು, ಅಷ್ಟೇ. ಅದರ ಹಿಂದೆ ಒಂದು ಗೂಡು, ಗೂಡಿನೊಳಗೆ ಕ್ಲಬ್ಬಿನ ಸೆಕ್ರೆಟರಿ, ಅವನ ಕೈಯಲ್ಲಿ ರಿಮೋಟು. ಬೋರ್ಡಣ್ಣ ತನ್ನ ತಗಡಿನ ಅಂಕಿಗಳನ್ನು ಚೀಲದಲ್ಲಿ ತುಂಬಿ ತಂದು ಮಂಚದ ಕೆಳಗೆ ತಳ್ಳಿದ. ಬೋರ್ಡ್ ಇಲ್ಲದಿದ್ದರೂ ಹೆಸರು ಮಾತ್ರ ಹೋಗಲಿಲ್ಲ. ಆ ಹೆಸರು ಕೇಳಿದಾಗಲೆಲ್ಲ ಅವನಿಗೆ ಯಾರೋ ಚುಚ್ಚಿದ ಹಾಗಾಗುತ್ತಿತ್ತು, ಕರೆದವರಿಗೆ ಅದು ಗೊತ್ತೂ ಆಗುತ್ತಿರಲಿಲ್ಲ.

ಕಸುಬಿನ ಮೇಲೂ ಅದರ ನೆರಳು ಬಿತ್ತು. ಯಾವುದೇ ಅಂಗಡಿಗೆ ಫೋನ್ ನಂಬರು ಬರೆಯಬೇಕಾದರೆ, ಅಂಗಡಿಯವನ ಬಾಯಿಂದ ಎರಡು ಸಲ ಓದಿಸದೆ ಬ್ರಷ್ ಎತ್ತುತ್ತಿರಲಿಲ್ಲ. ಬರೆದಾದ ಮೇಲೆ ಮತ್ತೆ ಓದಿಸುತ್ತಿದ್ದ.

"ಬೋರ್ಡಣ್ಣ, ನನ್ನ ನಂಬರು ನಂಗೆ ಗೊತ್ತಿಲ್ವಾ? ಹಾಕೋ ಮಾರಾಯ" ಎಂದು ಸೈಕಲ್ ರಿಪೇರಿಯವನು ಗೋಳಾಡಿದ.

"ನಿಂಗೆ ಗೊತ್ತಿದೆಯಪ್ಪ. ನಂಗೆ ಗೊತ್ತಿರೋದು ಸರಿನಾ ಅಂತ ನೋಡ್ತಿದ್ದೀನಿ."

ತಮ್ಮ ಆಡುವುದನ್ನು ಬಿಟ್ಟು ಅದೇ ಕ್ಲಬ್ಬಿನ ಕೋಚ್ ಆದ. ಹಗಲೆಲ್ಲ ಟೈರ್ ಗೋದಾಮಿನಲ್ಲಿ ಕೆಲಸ, ಸಂಜೆ ಮೈದಾನ. ಬಿದ್ದ ತಂಡವನ್ನು ಎತ್ತಲು ಅವನಿಗೆ ವರ್ಷಗಳೇ ಹಿಡಿದವು. ಬೋರ್ಡಣ್ಣ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಜನರ ನಡುವೆ ನಿಲ್ಲುವ ಮುಖವಿಲ್ಲದೆ, ಯಾರೂ ನಿಲ್ಲದ ಕಡೆ, ಒಂದು ತುದಿಯ ಕಂಬಗಳ ಹಿಂದೆ ಒಬ್ಬನೇ ನಿಲ್ಲುತ್ತಿದ್ದ. ಎರಡೂ ಕೈ ಪ್ಯಾಂಟಿನ ಜೇಬಿನಲ್ಲಿ. ಒಳಗೆ ಬೆರಳುಗಳು ಮಾತ್ರ ಅಂತರವನ್ನು ಎಣಿಸುತ್ತಲೇ ಇರುತ್ತಿದ್ದವು. ಯಾರೂ ಅವನನ್ನು ಎಷ್ಟು ಎಂದು ಕೇಳುತ್ತಿರಲಿಲ್ಲ. ಅವನೂ ಯಾರಿಗೂ ಹೇಳುತ್ತಿರಲಿಲ್ಲ.

ಆ ಜಾಗದಿಂದ ಅವನು ಒಂದು ವಿಷಯ ಕಂಡುಕೊಂಡಿದ್ದ. ಯಾವ ತಂಡದವರು ಕಂಬಕ್ಕೆ ಒದೆಯಲು ನಿಂತರೂ ತಮ್ಮ ಬೆನ್ನು ತಿರುಗಿಸಿಬಿಡುತ್ತಿದ್ದ. ನೀರಿನ ಬಾಟಲಿ ಹುಡುಕುತ್ತಿದ್ದ, ಶೂ ಲೇಸ್ ಕಟ್ಟುತ್ತಿದ್ದ. ಮೊದಲು ಜಂಬಕ್ಕೆ ನೋಡುತ್ತಿರಲಿಲ್ಲ, ಈಗ ನೋಡಲಾರದೆ ನೋಡುತ್ತಿರಲಿಲ್ಲ. ಅಯ್ಯೋ ಪುಟ್ಟಾ, ಎಂದು ಬೋರ್ಡಣ್ಣ ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದ.

ಅಂತೂ ಇಂತೂ ಕ್ಲಬ್ಬು ಮೇಲಿನ ದರ್ಜೆಗೆ ಮರಳಿತು. ಮರಳಿದ ವರ್ಷವೇ ತೇಕುತ್ತ ಕೊನೆಯ ಪಂದ್ಯಕ್ಕೆ ಬಂತು. ಮತ್ತೆ ಅದೇ ಪಾಡು: ಉಳಿಯಲು ಒಂದು ಅಂಕ ಬೇಕು. ಎದುರಿಗೆ ಬಂದದ್ದು ಬಲವಾದ ತಂಡ, ಗೆಲ್ಲುವ ಮಾತು ಯಾರೂ ಆಡುತ್ತಿರಲಿಲ್ಲ. ಏಳರೊಳಗೆ ಸೋತರೆ ಸಾಕು ಎಂಬುದೇ ಎಲ್ಲರ ಬಾಯಲ್ಲಿ.

ಹೊರಡುವಾಗ ತಮ್ಮನ ಹೆಂಡತಿ ಮೆಟ್ಟಿಲ ಕೆಳಗೆ ನಿಂತು ಮೆಲ್ಲಗೆ, "ಭಾವ, ನಿನ್ನೆಯಿಂದ ಅವರು ಸರಿಯಾಗಿ ಊಟಾನೇ ಮಾಡಿಲ್ಲ" ಎಂದಳು. ಹೇಳು ಅಂತ ತಮ್ಮನೇನೂ ಹೇಳಿಕಳಿಸಿರಲಿಲ್ಲ, ಅವಳೇ ಹೇಳಿದ್ದು. ಅವನು ತಲೆಯಾಡಿಸಿ ಹೊರಟ. ಅವನಿಗೂ ಬೆಳಿಗ್ಗೆಯಿಂದ ಗಂಟಲಲ್ಲಿ ಏನೂ ಇಳಿದಿರಲಿಲ್ಲ.

ಪಂದ್ಯ ಮುಗಿಯಲು ಇನ್ನು ಸ್ವಲ್ಪ ಹೊತ್ತು ಎನ್ನುವಾಗ ನಮ್ಮವರದ್ದು ಎರಡು ಟ್ರೈ ಸೇರಿ ಇಪ್ಪತ್ತು, ಎದುರಿನವರದ್ದು ಇಪ್ಪತ್ತೊಂದು. ಅಷ್ಟರಲ್ಲಿ ಎದುರಿನವರು ಬೋರ್ಡಣ್ಣ ನಿಂತಿದ್ದ ತುದಿಯಲ್ಲೇ ಇನ್ನೊಂದು ಟ್ರೈ ಹೊಡೆದರು. ಐದು ಸೇರಿ ಇಪ್ಪತ್ತಾರು. ಆಮೇಲೆ ಒದೆಯಲು ನಿಂತರು. ತಮ್ಮ ಎಂದಿನಂತೆ ಬೆನ್ನು ತಿರುಗಿಸಿ ಬದಲಿ ಆಟಗಾರನ ಹೆಗಲು ಹಿಡಿದು ಏನೋ ಹೇಳುತ್ತಿದ್ದ. ನಮ್ಮ ಆಟಗಾರರು ಗೆರೆಯ ಮೇಲೆ ಗುಂಪುಗೂಡಿ ತಲೆ ತಗ್ಗಿಸಿ ಉಸಿರು ಎಳೆದುಕೊಳ್ಳುತ್ತಿದ್ದರು. ಚೆಂಡು ಠಣ್ಣೆಂದು ಕಂಬಕ್ಕೆ ಬಡಿಯಿತು. ಬದಿಯಲ್ಲಿದ್ದ ಜನ ಹೋ ಎಂದು ಕೂಗಿದರು, ತಪ್ಪಿತು ಎಂದು. ಸಂಜೆಯ ಬಿಸಿಲು ಬೇರೆ ಅವರ ಕಣ್ಣಿಗೇ ಹೊಡೆಯುತ್ತಿತ್ತು. ಆದರೆ ಕಂಬಕ್ಕೆ ಬಡಿದ ಚೆಂಡು ಒಳಗಡೆಗೆ ತಿರುಗಿ, ಅಡ್ಡಪಟ್ಟಿಯ ಮೇಲೆ ಒಂದು ಸಲ ಪುಟಿದು, ಈಚೆಗೆ ಬಿದ್ದು ಉರುಳುತ್ತ ಬಂದು ಬೋರ್ಡಣ್ಣನ ಚಪ್ಪಲಿಗೆ ತಾಗಿ ನಿಂತಿತು. ಕಂಬದ ಕೆಳಗೆ ನಿಂತಿದ್ದ ರೆಫರಿಯ ಸಹಾಯಕರಿಬ್ಬರೂ ಎರಡು ಅಂಕ ಎಂದು ಬಾವುಟ ಎತ್ತಿ, ಇಳಿಸಿ, ಓಡಿದರು.

ಜೇಬಿನಲ್ಲಿ ಅವನ ಬೆರಳು ಆರರಿಂದ ಎಂಟಕ್ಕೆ ಹೋಯಿತು. ತಲೆಯೆತ್ತಿ ದೂರದ ಬೋರ್ಡ್ ನೋಡಿದ. ಇಪ್ಪತ್ತಾರು, ಇಪ್ಪತ್ತು.

ಈಗ ಹಾಕುತ್ತಾರೆ ಎಂದು ಕಾದ. ಹಾಕಲಿಲ್ಲ. ಆ ದೀಪದ ಬೋರ್ಡಿನಲ್ಲಿ ಸಣ್ಣ ಸಣ್ಣ ಗೆರೆಗಳು ಉರಿದು ಅಂಕಿ ಮೂಡುತ್ತದೆ. ಎಂಟು ಮೂಡಬೇಕಾದರೆ ಅಷ್ಟೂ ಗೆರೆ ಉರಿಯಬೇಕು, ಬಲಗಡೆ ಮೇಲಿನದೊಂದು ಕೈಕೊಟ್ಟರೆ ಎಂಟು ಹೋಗಿ ಆರು ಕಾಣುತ್ತದೆ. ಅವತ್ತು ಆದದ್ದು ಅದೇ. ಗೂಡಿನೊಳಗೆ ಸೆಕ್ರೆಟರಿಯ ರಿಮೋಟಿನಲ್ಲಿ ಇಪ್ಪತ್ತೆಂಟು ಸರಿಯಾಗೇ ಇತ್ತು. ಬೋರ್ಡಿನ ಮುಖ ಅವನಿಗೆ ಕಾಣುವಂತಿರಲಿಲ್ಲ, ಅವನದೇನೂ ತಪ್ಪಿಲ್ಲ. ಇದೆಲ್ಲ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಬೋರ್ಡಣ್ಣನಿಗೆ ಗೊತ್ತಿದ್ದದ್ದು ಇಷ್ಟೇ: ಬೋರ್ಡು ಒಂದು ಹೇಳುತ್ತಿದೆ, ಚಪ್ಪಲಿಗೆ ತಾಗಿದ ಚೆಂಡು ಇನ್ನೊಂದು ಹೇಳುತ್ತಿದೆ.

ಕಣ್ಣಾರೆ ಕಂಡದ್ದರಲ್ಲಿ ಅನುಮಾನ ಪಡುವುದೇನಿದೆ ಎನ್ನುತ್ತೀರಿ. ಒಂದು ಸಲ ಊರಿನ ಮುಂದೆ ತಪ್ಪಿದವನ ಕಣ್ಣು ನಿಮ್ಮ ಕಣ್ಣಿನ ಹಾಗಲ್ಲ. ಎಂಟು ಹೌದೇ? ಹಿಂದಿನ ಟ್ರೈಗೆ ಎರಡು ಸೇರಿತ್ತೇ? ಸೇರಿತ್ತು. ಬಾವುಟ ಎತ್ತಿದ್ದು ನಿಜವೇ? ನಿಜ. ಮತ್ತೆ ಮೊದಲಿನಿಂದ ಎಣಿಸಿದ.

ಅಷ್ಟರಲ್ಲಿ ಸಮಯ ಮುಗಿದಿತ್ತು. ಚೆಂಡು ನಮ್ಮವರ ಹತ್ತಿರವೇ ಇತ್ತು, ಮೈದಾನದ ನಡುವೆ. ಒದೆಯುವ ಜಾಗದಲ್ಲಿ ಆಡುತ್ತಿದ್ದವನು ಬೇಕರಿಯ ಒಲೆಯ ಕೆಲಸದವನು. ಅವನು ಕೋಚ್ ಕಡೆ ನೋಡಿದ. ತಮ್ಮ ಬೋರ್ಡ್ ಕಡೆ ನೋಡಿದ. ಆರು. ತಮ್ಮನ ಮುಖ ಅರಳುವುದು ಇಷ್ಟು ದೂರದಿಂದಲೂ ಬೋರ್ಡಣ್ಣನಿಗೆ ಕಂಡಿತು. ಹೊರಗೆ ಒದಿ ಎಂದು ಹೇಳಲು ಅವನ ಬಲಗೈ ಪಕ್ಕಕ್ಕೆ ಏಳತೊಡಗಿತು.

ಅದೇ ತಪ್ಪು, ಅದೇ ಒಂದು ಅಂಕ. ಸುಮ್ಮನಿದ್ದರೆ ತಮ್ಮ ಇನ್ನೊಮ್ಮೆ ಊರಿನ ಮುಂದೆ ನಗೆಪಾಟಲಾಗುತ್ತಾನೆ. ಬಾಯಿಬಿಟ್ಟು, ತನ್ನ ಲೆಕ್ಕವೇ ತಪ್ಪಾಗಿ, ಆಟ ಮುಂದುವರಿದು ಎದುರಿನವರು ಇನ್ನೊಂದು ಟ್ರೈ ಹೊಡೆದರೆ? ಆಮೇಲೆ ಆ ಮೆಟ್ಟಿಲ ಮೇಲೆ ಕೂತು ತಮ್ಮನ ಧ್ವನಿ ಕೇಳುವ ಭಾಗ್ಯವೂ ಇಲ್ಲ. ಅವನು ಯೋಚಿಸಿ ನಿರ್ಧಾರ ಮಾಡಿದ ಎಂದರೆ ಸುಳ್ಳಾಗುತ್ತದೆ. ಕಾಲು ತಾನಾಗಿ ಓಡಿತು. ಮೂಲೆಯ ಬಾವುಟ ದಾಟಿ ಬದಿಯ ಗೆರೆಗುಂಟ ಓಡುತ್ತ, ಎರಡೂ ಕೈ ಮೇಲೆತ್ತಿ, ವರ್ಷಗಳಿಂದ ಗಟ್ಟಿಯಾಗಿ ಒಂದು ಮಾತೂ ಆಡದ ಗಂಟಲಿನಿಂದ ಕೂಗಿದ:

"ಪುಟ್ಟಾ! ಎಂಟು ಕಣೋ! ಎಂಟು!"

ಕೋಚ್‌ಗೆ ಆ ಹೆಸರಿದೆ ಎಂದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ತಮ್ಮ ಗಕ್ಕನೆ ತಿರುಗಿದ. ಬೋಳುತಲೆಯ ಮುದುಕನೊಬ್ಬ ಏದುಸಿರು ಬಿಡುತ್ತ, ಒಂದು ಕೈಯ ಐದು, ಇನ್ನೊಂ‍ದರ ಮೂರು ಬೆರಳನ್ನು ಆಕಾಶಕ್ಕೆ ಎತ್ತಿ ನಿಂತಿದ್ದ. ತಮ್ಮ ಬೋರ್ಡ್ ನೋಡಿದ, ಆರು. ಬೆರಳು ನೋಡಿದ, ಎಂಟು. ಎತ್ತಿದ ಕೈ ಗಾಳಿಯಲ್ಲಿ ಹಾಗೇ ನಿಂತಿತು.

"ಸರ್, ಹೊರಗೆ ಒದೀಲಾ?" ಬೇಕರಿಯವನು ಅರಚಿದ.

"ಬೇಡ!" ತಮ್ಮನ ಕೈ ಪಕ್ಕದಿಂದ ಮುಂದಕ್ಕೆ ತಿರುಗಿತು. "ಬೇಡ್ವೋ! ಆಡ್ರೋ! ಮುಂದೆ ತಗೊಂಡ್ ಹೋಗ್ರೋ!"

ಹುಚ್ಚು ಹಿಡಿಯಿತೇ ಇವನಿಗೆ ಎಂದು ಜನ ತಲೆ ಮೇಲೆ ಕೈಹೊತ್ತರು. ಅಂಕ ಕೈಯಲ್ಲಿದೆ, ಸುಮ್ಮನೆ ಹೊರಗೆ ಹಾಕುವುದು ಬಿಟ್ಟು! ನಮ್ಮವರು ಬೈದುಕೊಳ್ಳುತ್ತಲೇ ನುಗ್ಗಿದರು. ಬೀಳುತ್ತ, ಏಳುತ್ತ, ಒಬ್ಬರ ಮೇಲೊಬ್ಬರು ಉರುಳುತ್ತ ಇನ್ನೊಂದು ತುದಿಯ ಕಂಬದ ಎದುರಿಗೆ ಬಂದರು. ಗೆರೆ ಮುಟ್ಟುವುದು ಆಗದ ಮಾತು ಎಂದು ಕಂಡಾಗ ತಮ್ಮ "ಒದಿ!" ಎಂದ. ಮೂರು ಬಂದರೆ ಅಂತರ ಐದು, ಬೋನಸ್ ಬಂದ ಹಾಗೆ. ಬೇಕರಿಯವನು ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿಯುತ್ತಿದ್ದ ಹಾಗೇ ಒದ್ದ.

ಚೆಂಡು ಮೇಲೆದ್ದಿತು. ಬೋರ್ಡಣ್ಣ ಅದನ್ನೇ ನೋಡುತ್ತಿದ್ದ. ನಡುವೆ ಒಂದು ಗಳಿಗೆ ಕಣ್ಣು ತಮ್ಮನ ಕಡೆ ಹೊರಳಿತು. ತಮ್ಮ ಬೆನ್ನು ತಿರುಗಿಸಿರಲಿಲ್ಲ. ಬಾಯಿ ತೆರೆದು, ಕುತ್ತಿಗೆ ಚಾಚಿ, ಚೆಂಡನ್ನೇ ನೋಡುತ್ತಿದ್ದ.

ಚೆಂಡು ಕಂಬಕ್ಕೆ ಬಡಿದು ಹೊರಗೆ ಬಿತ್ತು. ಎದುರಿನವನೊಬ್ಬ ಅದನ್ನು ಎತ್ತಿ ಗೆರೆಯಾಚೆ ಒದ್ದ. ರೆಫರಿ ಶಿಳ್ಳೆ ಊದಿದ.

"ಆರರಲ್ಲಿ ಸೋತಿದ್ವಲ್ಲ, ಬೋನಸ್ ಬಂತಲ್ಲ!" ಎಂದು ಬದಿಯಲ್ಲಿ ಯಾರೋ ಕುಣಿದರು. ರೆಫರಿ ಚೀಟಿ ತೆಗೆದು ಓದಿದ: ಇಪ್ಪತ್ತೆಂಟು, ಇಪ್ಪತ್ತು. ಕುಣಿದವರು ಬೋರ್ಡ್ ನೋಡಿದರು, ರೆಫರಿಯನ್ನು ನೋಡಿದರು. ಸೆಕ್ರೆಟರಿ ಗೂಡಿನಿಂದ ಹೊರಬಂದು ಬೋರ್ಡಿನ ಮುಖ ನೋಡಿ ಹಣೆ ಚಚ್ಚಿಕೊಂಡ. ತಂಡ ಕೆಳಗಿನ ದರ್ಜೆಗೆ ಬಿದ್ದದ್ದಂತೂ ಬಿದ್ದಿತ್ತು. ಬೇಕರಿಯವನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಕೂತ. ತಮ್ಮ ಅವನ ತಲೆ ಸವರಿ ಏನೋ ಹೇಳಿದ. ಜನ ಒಬ್ಬೊಬ್ಬರಾಗಿ ಗೇಟಿನ ಕಡೆ ಸರಿದರು.

ಬೋರ್ಡಣ್ಣ ತನ್ನ ಜಾಗಕ್ಕೆ, ಕಂಬಗಳ ಹಿಂದಕ್ಕೆ ವಾಪಸಾಗಿದ್ದ. ಓಡಿದ್ದಕ್ಕೆ ಪಕ್ಕೆ ಹಿಡಿದುಕೊಂಡಿತ್ತು. ಲೆಕ್ಕ ಸರಿಯಾಗಿತ್ತು, ಆದರೆ ಅಂಕ ಬರಲಿಲ್ಲವಲ್ಲ. ಮೈದಾನ ಖಾಲಿಯಾಗಲಿ, ಯಾರ ಕಣ್ಣಿಗೂ ಬೀಳದೆ ಹೋಗೋಣ ಎಂದು ಕಾಯುತ್ತ ನಿಂತ. ಅದು ಅವನಿಗೆ ಅಭ್ಯಾಸವಾಗಿದ್ದ ಕೆಲಸ.

ಆಗ ತಮ್ಮ ಮೈದಾನ ಅಡ್ಡ ಹಾಯ್ದು ಬರುವುದು ಕಾಣಿಸಿತು. ಬೇಗಬೇಗ ಬರಲಿಲ್ಲ. ದಾರಿಯಲ್ಲಿ ಬಿದ್ದಿದ್ದ ಬಾಟಲಿ ಎತ್ತಿದ, ಇಟ್ಟ, ಮತ್ತೆ ನಡೆದ. ಬಂದು ಅಣ್ಣನ ಪಕ್ಕ ನಿಂತ. ಮುಖ ನೋಡಲಿಲ್ಲ, ಕಂಬ ನೋಡುತ್ತ ನಿಂತ. ಬೋರ್ಡಣ್ಣ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಮತ್ತೆ ಜೇಬಿಗೆ ತುರುಕಿದ.

"ಆವತ್ತು ನೀನು ಏಣಿ ಮೇಲಿದ್ದೆ," ಎಂದ ತಮ್ಮ. "ನಿಂಗೆ ಕಾಣ್ಲಿಲ್ಲ, ಸರಿ. ಒದ್ದವನು ನಾನು. ಒಂದ್ಸಲ ತಿರುಗಿ ನೋಡೋಕೆ ನಂಗೇನಾಗಿತ್ತು? ಇಷ್ಟು ವರ್ಷ ತಪ್ಪೆಲ್ಲ ನಿನ್ನ ತಲೆಗೆ ಕಟ್ಟಿ ಕೂತ್ಕೊಂಡೆ."

ಬೋರ್ಡಣ್ಣ ಈ ಗಳಿಗೆಗೆಂದು ಮಂಚದ ಮೇಲೆ ಮಲಗಿ ಎಷ್ಟು ಮಾತು ಜೋಡಿಸಿಟ್ಟಿದ್ದ! ತಗಡಿನ ಅಂಕಿಗಳಿಗೆ ಎಷ್ಟು ಸಲ ಒಪ್ಪಿಸಿದ್ದ! ಅವುಗಳಲ್ಲಿ ಒಂದೂ ಈಗ ನೆನಪಿಗೆ ಬರಲಿಲ್ಲ. ಕಣ್ಣು ತುಂಬಿ ಎರಡು ಕಂಬ ನಾಲ್ಕಾಗಿ ಕಾಣುತ್ತಿದ್ದವು.

"ಇವತ್ತು ನೋಡ್ದೆ," ಎಂದ ತಮ್ಮ. "ಕೊನೇವರೆಗೂ ನೋಡ್ದೆ. ಹೋಗೇ ಹೋಗುತ್ತೆ ಅಂದ್ಕೊಂಡೆ."

ಮೂಲೆಯ ಬಾವುಟ ಕೋಲಿಗೆ ಅಂಟಿಕೊಂಡು ಜೋತುಬಿದ್ದಿತ್ತು. ಬೇಲಿಯಾಚೆಯ ಮರದಲ್ಲಿ ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ.

"ಗಾಳಿ ಇತ್ತು ಕಣೋ," ಎಂದ ಬೋರ್ಡಣ್ಣ.

ತಮ್ಮ ಬಾವುಟದ ಕಡೆ ನೋಡಿದ. ತೋಳಿನಿಂದ ಮೂಗು ಒರೆಸಿಕೊಂಡ.

"ಹೂಂ ಅಣ್ಣ," ಎಂದ. "ಗಾಳಿ ಇತ್ತು."